ಅದೇ ಸ್ಟೂಲು, ಅದೇ ಕಿಟಕಿ, ಅದೇ ಮುಖ

ನನಗೆ ಕಣ್ಣು ಮಿಟುಕಿಸುವುದು ಮರೆತುಹೋಗುತ್ತಿದೆಯೇನೋ ಎಂಬ ಭಯ ಈಚೆಗೆ ಹತ್ತಿದೆ. ಡೈರಿಯಲ್ಲಿ ಬರೆದುಕೊಳ್ಳುವುದಕ್ಕೂ ನಾಚಿಕೆಯಾಗುವಷ್ಟು ಸಣ್ಣ ಭಯ ಇದು. ಒಂದು ದಿನ ಗ್ರಂಥಾಲಯದಲ್ಲಿ ಎದುರಿಗೆ ಕೂತಿದ್ದ ಹೆಂಗಸು ಪತ್ರಿಕೆ ಮಡಿಸಿಟ್ಟು, "ಏನಮ್ಮಾ, ನುಂಗೋ ಹಾಗೆ ನೋಡ್ತಿದೀಯಲ್ಲ, ನನ್ನ ಮುಖದಲ್ಲೇನಾದ್ರೂ ಬರೆದಿದ್ಯಾ?" ಎಂದು ಕೇಳಿದಳು. ನಾನು ಅವಳನ್ನು ನೋಡುತ್ತಲೇ ಇರಲಿಲ್ಲ. ಏನೋ ಯೋಚನೆಯಲ್ಲಿದ್ದೆ, ಕಣ್ಣು ತನ್ನಷ್ಟಕ್ಕೆ ತೆರೆದುಕೊಂಡಿತ್ತು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಎಣಿಸಿದೆ. ಒಮ್ಮೆ ರೆಪ್ಪೆ ಬಡಿದ ಮೇಲೆ ಮತ್ತೊಮ್ಮೆ ಬಡಿಯುವಷ್ಟರಲ್ಲಿ ನಲವತ್ತೆರಡು ಎಣಿಸಿಯಾಗಿತ್ತು. ಮೀನೂ ನಾಚಬೇಕು.

ಇದು ಅಂಗಡಿಯಿಂದ ಹತ್ತಿಕೊಂಡ ರೋಗ.

ನನ್ನ ಚಿಕ್ಕಪ್ಪನದು ಕ್ಯಾಮೆರಾ ಲೆನ್ಸುಗಳ ಅಂಗಡಿ. ಸೈಕಲ್ ರಿಪೇರಿಯವನ ಮೇಲಿನ ಮಹಡಿ. ಕಬ್ಬಿಣದ ಕಿರಿದಾದ ಮೆಟ್ಟಿಲು ಹತ್ತಿ ಬರಬೇಕಾದ್ದರಿಂದ ಯಾರು ಬರುತ್ತಿದ್ದಾರೆಂದು ಮುಖಕ್ಕಿಂತ ಮೊದಲು ಕಾಲಿನ ಸದ್ದೇ ಹೇಳುತ್ತದೆ. ಹೊಸ ಲೆನ್ಸುಗಳು ಗಾಜಿನ ಕಪಾಟಿನಲ್ಲಿ ದೀಪದ ಕೆಳಗೆ ಇರುತ್ತವೆ. ಹಳೆಯವು ಮರದ ಖಾನೆಗಳಲ್ಲಿ, ಹಸಿರು ಬಟ್ಟೆಯ ಮೇಲೆ, ಮಕ್ಕಳನ್ನು ಮಲಗಿಸಿದ ಹಾಗೆ. ಹಿಂದಿನ ಕೋಣೆಯಲ್ಲಿ ರಿಪೇರಿ ಬೆಂಚು. ಅಪ್ಪ ಇದ್ದಾಗ ಅದು ಅಪ್ಪನದು. ಅಪ್ಪ ಹೋದ ಮೇಲೆ ಒಂದು ದಿನ ಅಮ್ಮ ಯಾರನ್ನೂ ಕೇಳದೆ ಹೋಗಿ ಅಲ್ಲಿ ಕೂತಳು. ಹನ್ನೆರಡು ವರ್ಷ ಪಕ್ಕದಲ್ಲಿ ನಿಂತು ಸ್ಕ್ರೂ ಹಿಡಿದುಕೊಟ್ಟವಳಿಗೆ ಸ್ಕ್ರೂ ಎಲ್ಲಿ ಕೂರುತ್ತದೆಂದು ಗೊತ್ತಿರುವುದಿಲ್ಲವೇ? ಹಳೆಯ ಲೆನ್ಸಿನ ಒಳಗೆ ಜೇಡರ ಬಲೆಯಂತೆ ಬೂಷ್ಟು ಹಿಡಿದಿರುತ್ತದೆ. ಅದನ್ನು ಬಿಚ್ಚಿ, ಗಾಜು ಗಾಜಾಗಿ ತೆಗೆದು, ಒರೆಸಿ, ಕೂದಲೆಳೆಯೂ ಆಚೀಚೆ ಆಗದಂತೆ ಮತ್ತೆ ಕೂರಿಸುವುದು ಅಮ್ಮನ ಕೆಲಸ. ಆ ಬೆಂಚಿನ ಮುಂದೆ ಕೂತಾಗ ಅಮ್ಮನ ಬೆನ್ನು ನೆಟ್ಟಗಿರುತ್ತದೆ. ಮನೆಯಲ್ಲಿ ಇರುವುದಿಲ್ಲ.

ನನ್ನ ಕೆಲಸ ಚೀಟಿ ಬರೆಯುವುದು. ಪ್ರತಿ ಲೆನ್ಸಿಗೂ ಒಂದು ರಟ್ಟಿನ ಚೀಟಿ: "ತಿರುಗಿಸುವ ಉಂಗುರ ಸ್ವಲ್ಪ ಬಿಗಿ. ಅಂಚಿನಲ್ಲಿ ಗೀರು ಒಂದು, ಚಿತ್ರಕ್ಕೆ ತೊಂದರೆಯಿಲ್ಲ." ಪದವಿ ಮುಗಿಸಿ ಮೂರು ವರ್ಷವಾಯಿತು, ಇದೇ ನನ್ನ ಗದ್ಯ. ಗಿರಾಕಿಗಳೊಡನೆ ಮಾತಾಡಬೇಕಾಗಿ ಬರುವುದಿಲ್ಲ ಎಂಬುದೇ ಇದರ ಸುಖ. ನಾನು ಬಾಯಿಬಡುಕಿ ಆಗುವುದು ಡೈರಿಯಲ್ಲಿ ಮಾತ್ರ.

ಆದರೆ ನನ್ನ ನಿಜವಾದ ಕೆಲಸ ಬೇರೆ. ಅದಕ್ಕೆ ಹೆಸರಿಲ್ಲ. ಕಿಟಕಿಯ ಪಕ್ಕ ಒಂದು ಸ್ಟೂಲಿದೆ. ಅದರ ನಾಲ್ಕು ಕಾಲುಗಳಿಗೆ ನೆಲದ ಮೇಲೆ ಬಿಳಿ ಟೇಪಿನ ಗುರುತು. ಯಾರೇ ಛಾಯಾಗ್ರಾಹಕ ಲೆನ್ಸ್ ಪರೀಕ್ಷಿಸಲು ಬಂದರೂ ಬೆಳಿಗ್ಗೆ ಹತ್ತು ಗಂಟೆಗೇ ಬರಬೇಕು, ಆಗ ಕಿಟಕಿಯ ಬೆಳಕು ಒಂದೇ ಸಮನಾಗಿರುತ್ತದೆ. ಎರಡು ಗಂಟು ಹಾಕಿದ ದಾರವನ್ನು ನನ್ನ ಮೂಗಿನ ತುದಿಯಿಂದ ಕ್ಯಾಮೆರಾದವರೆಗೆ ಎಳೆದು ದೂರ ಅಳೆಯುತ್ತಾರೆ. ನಾನು ಕೂತು, ಕಣ್ಣು ತೆರೆದು, ಉಸಿರು ಹಿಡಿದು, ಮನಸ್ಸಿನಲ್ಲೇ ನಲವತ್ತು ಎಣಿಸುತ್ತೇನೆ. ಮೊದಲು ಆ ಸ್ಟೂಲಿನ ಮೇಲೆ ಒಂದು ಪ್ಲಾಸ್ಟರಿನ ತಲೆ ಇತ್ತು. ಅದು ಬಿದ್ದು ಕಿವಿ ಮುರಿದ ವಾರ ನನಗೆ ಶಾಲೆಗೆ ರಜೆಯಿತ್ತು. "ಹೊಸದು ತರಿಸೋತನಕ ನೀನು ಕೂತ್ಕೋ ಪುಟ್ಟಿ" ಎಂದರು ಚಿಕ್ಕಪ್ಪ. ಹೊಸದು ಇನ್ನೂ ಬಂದಿಲ್ಲ. ಹತ್ತು ವರ್ಷವಾಯಿತು.

ಹೀಗೆ ಈ ಊರಿನ ಕ್ಯಾಮೆರಾದವರಿಗೆಲ್ಲ ನನ್ನ ಮುಖ ಅಂಗೈ ರೇಖೆಯಷ್ಟು ಪರಿಚಿತ. ನನಗೆ ಹದಿನೈದು ತುಂಬಿದಾಗ ಹಣೆಯ ಮೇಲೆದ್ದ ಗುಳ್ಳೆಗಳು ಯಾವ ಲೆನ್ಸಿನಲ್ಲಿ ಎಷ್ಟು ಚೆನ್ನಾಗಿ ಬಂದವು ಎಂದು ಅವರು ಇವತ್ತಿಗೂ ನೆನಪಿಸಿಕೊಳ್ಳುತ್ತಾರೆ. ನನ್ನೆದುರಿಗೇ.

ಇವರಲ್ಲಿ ಇಬ್ಬರು ಮುಖ್ಯ. ಒಬ್ಬ, ಹೊಸ ಲೆನ್ಸ್ ಬಂತೆಂದರೆ ಪೆಟ್ಟಿಗೆ ಒಡೆಯುವ ಮುಂಚೆ ಹಾಜರಾಗುವವನು. ಜಾಹೀರಾತುಗಳಿಗೆ ವಾಚು, ಉಂಗುರ, ಷೂ ತೆಗೆಯುತ್ತಾನೆ. ಬಾಯಿ ತೆರೆದರೆ ಚಿತ್ರ ಚೂಪಾಗಿರಬೇಕು, ಚೂಪು. ಅಮ್ಮ ಇಟ್ಟ ಹೆಸರು ಚೂಪಣ್ಣ. ಇನ್ನೊಬ್ಬರು ಐವತ್ತು ದಾಟಿದವರು, ಬೂದು ಗಡ್ಡ, ಭುಜಕ್ಕೆ ಸದಾ ಚರ್ಮದ ಚೀಲ. ತಾವು ಹುಟ್ಟುವ ಮುಂಚೆ ತಯಾರಾಗದ ಲೆನ್ಸನ್ನು ಮೂಸಿಯೂ ನೋಡುವುದಿಲ್ಲ. ಅವರು ಪುರಾತನ. ಹಿಂದೆ ಹಾಗೆ ಅನ್ನುತ್ತೇವೆ, ಮುಂದೆ ಸಾರ್.

ಇಬ್ಬರೂ ಒಟ್ಟಿಗೆ ಬಂದ ದಿನ ನನಗೆ ಸ್ಟೂಲಿನಿಂದ ಬಿಡುಗಡೆ ಇಲ್ಲ.

"ನೋಡಿ ಸಾರ್, ಇದ್ರಲ್ಲಿ ಹುಬ್ಬಿನ ಒಂದೊಂದು ಕೂದಲೂ ಬೇರೆ ಬೇರೆ ಕಾಣತ್ತೆ. ಬೇಕಾದ್ರೆ ಎಣಿಸಿ" ಎಂದು ಚೂಪಣ್ಣ ಕ್ಯಾಮೆರಾದ ತೆರೆಯ ಮೇಲೆ ನನ್ನ ಹುಬ್ಬನ್ನು ದೊಡ್ಡದು ಮಾಡುತ್ತಾನೆ.

"ಎಣಿಸಿ ಏನ್ ಮಾಡ್ಲಯ್ಯ, ಮಾರಕ್ಕಾಗತ್ತಾ?" ಎಂದು ಪುರಾತನ ಮೂಗು ಮುರಿಯುತ್ತಾರೆ. "ಇದು ಫೋಟೋ ಅಲ್ಲ, ಪೊಲೀಸ್ ತನಿಖೆ. ಮೂಗಿನ ಪಕ್ಕ ಆ ರಂಧ್ರಗಳು ನೋಡು, ಜರಡಿ ಇದ್ದ ಹಾಗಿದೆ. ನನ್ನದ್ರಲ್ಲಿ ಅದೇ ಜಾಗ ಬೆಣ್ಣೆ."

ಜರಡಿಯೂ ನಾನೇ, ಬೆಣ್ಣೆಯೂ ನಾನೇ. ಮೂರಡಿ ದೂರದಲ್ಲಿ, ಬದುಕಿರುವ ಕಿವಿಗಳೊಂದಿಗೆ. ಒಬ್ಬ ಹುಡುಗಿಯ ಮೂಗಿನ ವಿಷಯವನ್ನು ಅವಳ ಮೂಗಿನೆದುರೇ ಮಾತಾಡುವಾಗ ದನಿ ತಗ್ಗಿಸಬೇಕು ಎಂಬಷ್ಟು ತಿಳಿವಳಿಕೆಯನ್ನು ಇವರಿಗೆ ಯಾವ ತಾಯಿಯೂ ಕಲಿಸಲಿಲ್ಲವೇ? ನಾನು ನಲವತ್ತು ಎಣಿಸುತ್ತಿರುತ್ತೇನೆ.

ಈಗ ಆ ಮಂಗಳವಾರಕ್ಕೆ ಬರುತ್ತೇನೆ.

ಒಂದು ಪ್ರಕಾಶನ ಸಂಸ್ಥೆಗೆ ಕರಡು ತಿದ್ದುವವರು ಬೇಕಾಗಿದ್ದರು. ಬಾಗಿಲು ಹಾಕಿದ ಕೋಣೆ, ಕಾಗದ, ಕೆಂಪು ಪೆನ್ನು, ಮಾತಾಡದ ಲೇಖಕರು. ನನಗೆಂದೇ ಹುಟ್ಟಿದ ಕೆಲಸ. ಅರ್ಜಿ ಬರೆದೆ. ಅವರು ಕಳಿಸಿದ ಹದಿನಾರು ಪುಟಗಳನ್ನು ತಿದ್ದಿ ಕಳಿಸಿದೆ. ಅಪರಿಚಿತ ನಂಬರಿನ ಕರೆ ಬಂದರೆ ಫೋನಿನಿಂದ ದೂರ ಓಡುವವಳು ನಾನು ಎಂಬುದು ನನಗೇ ಗೊತ್ತಿದ್ದರಿಂದ ಅಂಗಡಿಯ ನಂಬರನ್ನೂ ಕೊಟ್ಟಿದ್ದೆ. ಆ ಮಂಗಳವಾರ ಒಂಬತ್ತೂವರೆಗೆ ನನ್ನ ಮೊಬೈಲು ಮೇಜಿನ ಮೇಲೆ ಜೀರುಂಡೆಯಂತೆ ಒದ್ದಾಡಿ ಸುಮ್ಮನಾಯಿತು. ನಾನು ಕೈ ಚಾಚಿದ್ದೆ, ಮುಟ್ಟಿರಲಿಲ್ಲ. ಎರಡು ನಿಮಿಷಕ್ಕೆ ಅಂಗಡಿಯ ಫೋನು ಬಡಿದುಕೊಂಡಿತು. ಚಿಕ್ಕಪ್ಪ ಎತ್ತಿದರು.

"ಹೌದು, ನಮ್ಮಣ್ಣನ ಮಗಳು... ಓಹೋ, ಹಾಗಾ! ಪಾಸಾಗಿದಾಳಾ!" ಎಂದು ನನ್ನ ಕಡೆ ನೋಡಿ ಹುಬ್ಬೇರಿಸಿ ನಕ್ಕರು.  "ಇಲ್ಲ ಸಾರ್, ಅವಳಿಗೆ ಅದೆಲ್ಲ ಆಗಲ್ಲ. ಬುದ್ಧಿವಂತೆ, ಇಲ್ಲ ಅನ್ನಲ್ಲ. ಆದ್ರೆ ಭಾರೀ ನಾಚಿಕೆ. ನಾಲ್ಕು ಜನರ ಮಧ್ಯೆ ಬಿಟ್ರೆ ಬೆವತು ಹೋಗ್ತಾಳೆ. ನೋಡಿ, ಈಗ ಫೋನೂ ಎತ್ತಲಿಲ್ಲ ತಾನೆ? ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಇಲ್ಲಿ ನಮ್ಮ ಜೊತೆ ಆರಾಮಾಗಿದಾಳೆ."

ಫೋನಿಟ್ಟರು. ಕೈ ಕೈ ಉಜ್ಜಿಕೊಂಡರು.

"ನೋಡು ಪುಟ್ಟಿ, ನಿನಗೆ 'ಇಲ್ಲ' ಅನ್ನೋಕೆ ಕಷ್ಟ ಆಗ್ತಿತ್ತು. ನಾನೇ ಹೇಳ್ಬಿಟ್ಟೆ. ತಲೆನೋವು ತಪ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಉಪಕಾರ ಮಾಡಿದ್ದರು! ಮುಖದಲ್ಲಿ ಉಪಕಾರಿಯ ಆ ತೃಪ್ತಿ, ಆ ನಗು. ನನ್ನ ಬದುಕಿನ ಒಂದೇ ಒಂದು ಬಾಗಿಲನ್ನು ನನ್ನ ಪರವಾಗಿ ಮುಚ್ಚಿ, ಚಿಲಕ ಹಾಕಿ, ಬೀಗದ ಕೈಯನ್ನು ನನಗೇ ಬಹುಮಾನ ಕೊಡುವ ಹಾಗೆ ನಿಂತಿದ್ದರು. ಹಿಂದಿನ ಕೋಣೆಯಲ್ಲಿ ಅಮ್ಮ ತಲೆಯೆತ್ತಿದ್ದು ಕಾಣಿಸಿತು. ಅವಳಿಗೆ ಎಲ್ಲ ಕೇಳಿಸಿತ್ತು. ನನ್ನನ್ನು ನೋಡಿದಳು, ಚಿಕ್ಕಪ್ಪನನ್ನು ನೋಡಿದಳು, ಮತ್ತೆ ದೀಪದ ಕೆಳಗೆ ಬಗ್ಗಿದಳು. 

 ಬಾಯಿ ತೆರೆದೆ. ಗಾಳಿ ಬಂತು, ಮಾತು ಬರಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಪುರಾತನರ ಭಾರದ ಹೆಜ್ಜೆ, ಹಿಂದೆಯೇ ಚೂಪಣ್ಣನ ಕುಪ್ಪಳಿಸುವ ಹೆಜ್ಜೆ.

"ಸಿಕ್ತು ಕಣ್ರೀ, ಸಿಕ್ತು!" ಎಂದು ಪುರಾತನ ಚೀಲದಿಂದ ಒಂದು ಹಳೆಯ ಲೆನ್ಸ್ ತೆಗೆದರು. ಎಲ್ಲೋ ಒಂದು ಮುಚ್ಚಿದ ಸ್ಟುಡಿಯೋದ ಬೀರುವಿನಲ್ಲಿ ಸಿಕ್ಕಿದ್ದಂತೆ. ಹಿತ್ತಾಳೆಯ ಕಂಠ, ಗಾಜಿನಲ್ಲಿ ನೇರಳೆ ಛಾಯೆ. "ಬಾರಮ್ಮ, ಕೂತ್ಕೋ."

ಕೂತೆ. ಬೇರೇನು ಮಾಡಬೇಕಿತ್ತೋ ನನಗೆ ಗೊತ್ತಿರಲಿಲ್ಲ. ಹತ್ತು ವರ್ಷದ ಅಭ್ಯಾಸ ನನ್ನನ್ನು ಎತ್ತಿಕೊಂಡು ಹೋಗಿ ಅಲ್ಲಿ ಇಟ್ಟಿತು. ದಾರ ಮೂಗಿಗೆ ತಾಗಿತು. ಕಣ್ಣು ತೆರೆದೆ. ಆಗ ಅವು ತುಂಬಿಕೊಂಡವು. ದುಃಖಕ್ಕಲ್ಲ, ಇದನ್ನು ಸ್ಪಷ್ಟವಾಗಿ ಬರೆಯಬೇಕು, ಸಿಟ್ಟಿಗೆ. ಇಡೀ ಅಂಗಡಿಯನ್ನು ಕಿಟಕಿಯಿಂದ ಕೆಳಗೆ ಸೈಕಲ್ಲುಗಳ ಮೇಲೆ ಸುರಿದುಬಿಡಬೇಕೆನ್ನುವ ಸಿಟ್ಟಿಗೆ. ಕೆಳರೆಪ್ಪೆಯ ಅಂಚಿನವರೆಗೆ ನೀರು ಬಂದು ನಿಂತಿತು. ಉರುಳಲು ಬಿಡಲಿಲ್ಲ. ರೆಪ್ಪೆ ಬಡಿದರೆ ಉರುಳುತ್ತಿತ್ತು, ನಾನು ಬಡಿಯಲಿಲ್ಲ. ನಲವತ್ತು ಎಣಿಸಿದೆ. ಮತ್ತೆ ನಲವತ್ತು. ಏಳು ಚಿತ್ರ ತೆಗೆದರು.

ನಂತರ ಮೂವರೂ ಕ್ಯಾಮೆರಾದ ಹಿಂಬದಿಯ ತೆರೆಗೆ ತಲೆ ಕೂಡಿಸಿದರು.

"ಅಯ್ಯಯ್ಯೋ" ಎಂದರು ಪುರಾತನ, ಯಾರೋ ಗುದ್ದಿದ ಹಾಗೆ. "ಕಣ್ಣು ನೋಡ್ರಿ! ಕಣ್ಣು! ಒಳಗಡೆ ದೀಪ ಹಚ್ಚಿಟ್ಟ ಹಾಗಿದೆ."

"ಹಳೇ ಲೇಪ ಸಾರ್, ಗಾಜಿನ ಮೇಲಿನ ಲೇಪ" ಎಂದರು ಚಿಕ್ಕಪ್ಪ, ತಾವೇ ಬಳಿದ ಹಾಗೆ. "ಈಗಿನವರಿಗೆ ಎಲ್ಲಿ ಬರಬೇಕು ಅದು?"

ಚೂಪಣ್ಣ ಬಹಳ ಹೊತ್ತು ನೋಡಿದ. "ಒಪ್ಕೊಂಡೆ. ನನ್ನ ಯಾವ ಲೆನ್ಸಲ್ಲೂ ಇದು ಬರಲ್ಲ" ಎಂದ. ಅವನು ಸೋಲೊಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅವನ ಮಾತು ನಿಜವೂ ಹೌದು. ಅವನ ಲೆನ್ಸಿನಲ್ಲಾಗಿದ್ದರೆ ನೀರು ನೀರಾಗಿಯೇ ಕಾಣುತ್ತಿತ್ತು, ರೆಪ್ಪೆಗಳು ಒದ್ದೆಯಾಗಿ ಅಂಟಿಕೊಂಡದ್ದು ಗೊತ್ತಾಗುತ್ತಿತ್ತು. ಹಳೆಯ ಗಾಜು ಎಲ್ಲವನ್ನೂ ಒಂದಿಷ್ಟು ಕರಗಿಸುತ್ತದೆ. ನನ್ನ ಕಣ್ಣೀರನ್ನೂ ಕರಗಿಸಿ ಹೊಳಪು ಮಾಡಿತ್ತು. ಆದರೆ ನಾನಲ್ಲಿ ಮೂರಡಿ ದೂರದಲ್ಲೇ ಕೂತಿದ್ದೆನಲ್ಲ! ತೆರೆಯಿಂದ ಒಮ್ಮೆ ತಲೆಯೆತ್ತಿದ್ದರೆ ಸಾಕಿತ್ತು. ಮೂವರಲ್ಲಿ ಒಬ್ಬರೂ ಎತ್ತಲಿಲ್ಲ. ನಾನು ಎದ್ದು ಹೋಗಿ ಮುಖ ತೊಳೆದುಕೊಂಡೆ. ಆ ದಿನದ ಡೈರಿಯಲ್ಲಿ ಒಂಬತ್ತು ಪುಟ ಇದೆ. ಪೆನ್ನಿನ ಮೊನೆ ಎರಡು ಕಡೆ ಕಾಗದ ಹರಿದಿದೆ.

ಮಾರನೆಯ ದಿನ ಧೈರ್ಯ ಮಾಡಿ ಪ್ರಕಾಶನದವರಿಗೆ ಫೋನ್ ಮಾಡಿದೆ. ಆ ಕಡೆಯಿಂದ "ಹಲೋ" ಎಂದ ಕೂಡಲೇ ಇಟ್ಟುಬಿಟ್ಟೆ. ಚಿಕ್ಕಪ್ಪ ಹೇಳಿದ್ದು ಸರಿ ಎಂದು ನಾನೇ ಸಾಕ್ಷಿ ನುಡಿದ ಹಾಗಾಯಿತು. ಅದರ ಸಿಟ್ಟೂ ಸೇರಿಕೊಂಡಿತು.

ಪುರಾತನರ ಲೆನ್ಸ್ ಅಮ್ಮನ ಬೆಂಚಿಗೆ ಬಂತು. ಉಂಗುರ ಬಿಗಿಯಾಗಿತ್ತು, ಒಳಗೆ ಅಂಚಿನಲ್ಲಿ ಬೂಷ್ಟಿನ ಒಂದೆರಡು ಎಳೆಗಳಿದ್ದವು. ಅಮ್ಮ ಎರಡು ದಿನ ತೆಗೆದುಕೊಂಡಳು. ಕೊಡುವಾಗ, "ಇಂಥ ಗಾಜು ನಾನು ನೋಡೇ ಇರ್ಲಿಲ್ಲ. ಮುಟ್ಟೋಕೇ ಭಯ ಆಗತ್ತೆ" ಎಂದಳು. ಆ ಮಾತೇ ಆಮೇಲೆ ಅವಳ ಕೊರಳಿಗೆ ಸುತ್ತಿಕೊಂಡಿತು.

ಪುರಾತನರು ನನ್ನ ಚಿತ್ರವನ್ನು ಊರೆಲ್ಲ ತೋರಿಸಿ, ಆ ಕಣ್ಣಿನ ಹೊಳಪಿನ ಬಲದ ಮೇಲೆ ಒಂದು ಪುಸ್ತಕಕ್ಕೆ ಹತ್ತು ಜನ ಹಿರಿಯ ನಟರ ಮುಖ ತೆಗೆಯುವ ಕೆಲಸ ಹಿಡಿದಿದ್ದರು. ಹತ್ತು ಜನರ ಕಣ್ಣಲ್ಲೂ ದೀಪ ಹತ್ತಲಿಲ್ಲ. ಮೂರು ವಾರ ಕಳೆದು ಒಂದು ಶನಿವಾರ ಮೆಟ್ಟಿಲು ಗುಡುಗಿತು.

"ಏನ್ ಮಾಡಿದ್ರಮ್ಮ ನನ್ನ ಲೆನ್ಸಿಗೆ?"

ಅಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಯಾಕೆ ಸಾರ್, ಉಂಗುರ ಇನ್ನೂ ಬಿಗೀನಾ?"

"ಉಂಗುರ ಹಾಳಾಗಿಹೋಗ್ಲಿ. ಲೇಪ ಎಲ್ಲಿ? ಮುಟ್ಟೋಕೇ ಭಯ ಅಂದವರು ಉಜ್ಜಿ ತೆಗೆದುಬಿಟ್ಟಿದೀರಿ."

"ಉಜ್ಜಲಿಲ್ಲ ಸಾರ್. ಒರೆಸಿದೆ. ಅದೂ ಒಳಗಡೆ, ಅಂಚಲ್ಲಿ ಮಾತ್ರ."

"ಒರೆಸೋದಕ್ಕೂ ಉಜ್ಜೋದಕ್ಕೂ ಏನಮ್ಮ ವ್ಯತ್ಯಾಸ?"

"ಮಗು ಮುಖಕ್ಕೂ ಪಾತ್ರೆ ತಳಕ್ಕೂ ಇರೋ ವ್ಯತ್ಯಾಸ" ಎಂದಳು ಅಮ್ಮ. ಅವಳ ಬೆನ್ನು ಇನ್ನೂ ನೆಟ್ಟಗಿತ್ತು. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ತಟ್ಟಲಿಲ್ಲ, ಬಿಡಿ.

ಚಿಕ್ಕಪ್ಪ ನಡುವೆ ಬಂದರು. "ಜಗಳ ಯಾಕೆ? ನಮ್ಮಲ್ಲಿ ಪದ್ಧತಿ ಇದೆಯಲ್ಲ. ಸೋಮವಾರ ಹತ್ತು ಗಂಟೆಗೆ ಬನ್ನಿ. ಅದೇ ಸ್ಟೂಲು, ಅದೇ ಕಿಟಕಿ, ಅದೇ ಮುಖ. ಲೆನ್ಸೇ ಹೇಳತ್ತೆ."

ಆಗಲೇ ನಾನು ಹೇಳಬಹುದಿತ್ತು. ಯಾಕೆ ಹೇಳಲಿಲ್ಲ ಎಂದು ಆ ಭಾನುವಾರ ಡೈರಿಯಲ್ಲಿ ಕೇಳಿಕೊಂಡಿದ್ದೇನೆ. ಅತ್ತಿದ್ದೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಚಿಕ್ಕಪ್ಪನ ಫೋನಿನ ಕತೆ ಬಿಚ್ಚಬೇಕು, ಗಿರಾಕಿಗಳ ಮುಂದೆ. ಅದೊಂದು ಕಾರಣ. ಇನ್ನೊಂದು ಕಾರಣವನ್ನು ಬರೆದು, ಹೊಡೆದು ಹಾಕಿ, ಮತ್ತೆ ಬರೆದೆ. ಅವತ್ತು ಅಮ್ಮನೂ ಸುಮ್ಮನಿದ್ದಳಲ್ಲ. ನನ್ನ ಪರವಾಗಿ ಒಂದು ಮಾತು ಬೇಕಾಗಿದ್ದಾಗ ಅವಳು ದೀಪದ ಕೆಳಗೆ ಬಗ್ಗಿದಳಲ್ಲ. ಈಗ ಅವಳಿಗೂ ಗೊತ್ತಾಗಲಿ. ಇಷ್ಟು ನೀಚ ಮಾತು ನನ್ನ ಕೈಬರಹದಲ್ಲೇ ಇದೆ.

ಸೋಮವಾರ ಕೂತೆ. ದಾರ, ಮೂಗು, ಗಂಟು. ಏಳು ಚಿತ್ರ. ನನ್ನ ಕಣ್ಣು ಒಣಗಿದ ಕೆರೆಯಂತಿತ್ತು. ಸಿಟ್ಟು ಹಳೆಯದಾದರೆ ನೀರಾಗುವುದಿಲ್ಲ ಎಂದು ಕಾಣುತ್ತದೆ.

ಪುರಾತನರು ಆ ಮಂಗಳವಾರದ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ತಂದಿದ್ದರು. ಅದನ್ನು ಕೌಂಟರಿನ ಮೇಲೆ ಹರಡಿ, ಪಕ್ಕದಲ್ಲಿ ಕ್ಯಾಮೆರಾ ಇಟ್ಟರು. ಎಡಗಡೆ ನಾನು, ಕಣ್ಣಲ್ಲಿ ಬೆಳಕು. ಬಲಗಡೆ ನಾನು, ಕಣ್ಣಲ್ಲಿ ಮಣ್ಣು.

ತೀರ್ಪು ಕೊಟ್ಟವನು ಚೂಪಣ್ಣ. ಅವನ ದನಿಯಲ್ಲಿ ದ್ವೇಷವಿರಲಿಲ್ಲ, ಅದೇ ಇನ್ನೂ ಕಷ್ಟ. "ಬೇಜಾರ್ ಮಾಡ್ಕೋಬೇಡಿ ಆಂಟಿ. ಕ್ಯಾಮೆರಾ ಅದೇ. ಬೆಳಕು ಅದೇ. ದೂರ ಅದೇ. ಮುಖ ಅದೇ. ಮಧ್ಯದಲ್ಲಿ ಆಗಿದ್ದು ಒಂದೇ, ನಿಮ್ಮ ಕೈ ಬಿದ್ದಿದ್ದು."

ಮುಖ ಅದೇ! ನನಗೆ ಕಿವಿ ಕೆಂಪಾಯಿತು. ಮೋಡದ ಒಂದು ತುಂಡು ಸೂರ್ಯನ ಮುಂದೆ ಹಾದರೆ ಕಾದು ನಿಲ್ಲುವ ಜನ ಇವರು. ಗೋಡೆಯ ಬಣ್ಣ ಮಾಸಿದ್ದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಟ್ರೈಪಾಡಿನ ಒಂದು ಕಾಲು ಬೆರಳಿನಷ್ಟು ಸರಿದರೆ ಇನ್ನೊಮ್ಮೆ ತೆಗೆಯುತ್ತಾರೆ. ಆ ಮಂಗಳವಾರಕ್ಕೂ ಈ ಸೋಮವಾರಕ್ಕೂ ನಡುವೆ ಮುಖವೊಂದು ಬದಲಾಗಿರಬಹುದೆಂದು ಇವರ ಕನಸಿನಲ್ಲೂ ಹೊಳೆಯಲಿಲ್ಲ. ಪ್ಲಾಸ್ಟರಿನ ತಲೆಗೂ ನನಗೂ ಇವರು ಕಂಡ ವ್ಯತ್ಯಾಸ ಒಂದೇ, ನನ್ನ ಕಿವಿ ಮುರಿದಿಲ್ಲ.

"ಪೂರ್ತಿ ಬಿಚ್ಚಿ ಮತ್ತೊಮ್ಮೆ ನೋಡ್ತೀನಿ" ಎಂದಳು ಅಮ್ಮ.

"ಬೇಡ ಅತ್ತಿಗೆ, ಇನ್ನು ಮುಟ್ಟೋದು ಬೇಡ" ಎಂದರು ಚಿಕ್ಕಪ್ಪ.

ಆ ಸಂಜೆ ಅಮ್ಮ, ನಾನು ಮನೆಗೆ ನಡೆದು ಹೊರಟೆವು. ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯ ಮುಂದೆ, ಬಿಸಿ ಆವಿ ಬೀದಿಗೆ ಬರುವ ಕಡೆ, ತಟ್ಟನೆ ನಿಂತಳು.

"ಒರೆಸೋ ಮದ್ದು ಎರಡು ಹನಿ ಹಾಕ್ಬೇಕಾದ ಕಡೆ ಮೂರು ಬಿತ್ತೇನೋ."

"ಏನೂ ಬಿದ್ದಿಲ್ಲ. ನೀನೇನೂ ಮಾಡಿಲ್ಲ."

"ನಿನಗೆ ಹೇಗೆ ಗೊತ್ತು?"

ನಾನು ಇಸ್ತ್ರಿ ಅಂಗಡಿಯ ಕಡೆ ಮುಖ ತಿರುಗಿಸಿದೆ.

"ನನ್ನ ಕಣ್ಣು ಮುಂಚಿನ ಹಾಗಿಲ್ಲ ಕಣೇ" ಎಂದು ಅವಳು ತನ್ನ ಎರಡೂ ಕೈ ಮುಂದೆ ಚಾಚಿ, ಬೇರೆ ಯಾರದೋ ಕೈಗಳನ್ನು ನೋಡುವಂತೆ ನೋಡಿದಳು. ಬೆರಳುಗಳು ನಡುಗುತ್ತಿರಲಿಲ್ಲ. ನಡುಗುತ್ತವೆಯೇ ಎಂದು ಅಷ್ಟು ಹೊತ್ತು ನೋಡಿದ ಮೇಲೆ ಸಣ್ಣಗೆ ನಡುಗಿದವು. "ನಿಮ್ಮಪ್ಪ ಆಗಿದ್ರೆ ಹೀಗೆ ಆಗ್ತಿರ್ಲಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು ಮೂರ್ಖರು, ಸರಿ. ಎಮ್ಮೆಯೇ ಬೆನ್ನು ಕೊಟ್ಟು, "ಹೌದು, ಇಲ್ಲೇ ಹಾಕಿ" ಎಂದರೆ ಏನು ಹೇಳುವುದು? ನನಗೆ ಅವಳ ಮೇಲೂ ಸಿಟ್ಟು ಬಂತು. ಆಮೇಲೆ ನನ್ನ ಮೇಲೆ. ಒಂದು ವಾಕ್ಯ ಸಾಕಿತ್ತು, ಅದನ್ನು ಹಲ್ಲಿನ ಹಿಂದೆ ಹಿಡಿದುಕೊಂಡು ಮನೆಯವರೆಗೂ ನಡೆದೆ.

ಮಾರನೆಯ ದಿನ ಹತ್ತು ಗಂಟೆಗೆ ಮೂವರೂ ಸೇರಿದ್ದರು. ಚಿಕ್ಕಪ್ಪ ಎಲ್ಲ ನಿರ್ಧಾರ ಮಾಡಿಯಾಗಿತ್ತು. ಬೆಂಚಿಗೆ ಬೇರೆ ಊರಿಂದ ಒಬ್ಬ ಮೆಕ್ಯಾನಿಕ್ ಬರುತ್ತಾನೆ. ಅಮ್ಮ ಇನ್ನು ಮುಂದೆ ಕಪಾಟಿನ ಧೂಳು ಒರೆಸುವುದು, ಪೆಟ್ಟಿಗೆ ಕಟ್ಟುವುದು. "ವಯಸ್ಸಾಯ್ತಲ್ಲ ಅತ್ತಿಗೆ, ನಿಮಗೂ ಆರಾಮ" ಎಂದರು. ಮತ್ತೆ ಅದೇ ಉಪಕಾರದ ಮುಖ.

"ಅದೆಲ್ಲ ನಿಮ್ಮ ಮನೆ ವಿಷಯ" ಎಂದರು ಪುರಾತನ. "ನನಗೆ ಬರಹದಲ್ಲಿ ಬೇಕು. ಪುಸ್ತಕದವರು ನನ್ನನ್ನ ಸುಳ್ಳುಗಾರ ಅಂತಿದಾರೆ. ಆ ಫೋಟೋ ನೀವೇ ಕಂಪ್ಯೂಟರಲ್ಲಿ ತಿದ್ದಿದ್ದು ಅಂತಾರೆ. ಲೆನ್ಸ್ ಇಲ್ಲಿ ಹಾಳಾಯ್ತು ಅಂತ ಕಾಗದ ಕೊಡಿ."

"ಪುಟ್ಟಿ, ಚೀಟಿ ತಗೋ" ಎಂದರು ಚಿಕ್ಕಪ್ಪ.

ರಟ್ಟಿನ ಚೀಟಿ ತೆಗೆದುಕೊಂಡೆ. ಪೆನ್ನಿನ ಮುಚ್ಚಳ ತೆಗೆದೆ. ಆ ಕೈಯೂ ನನ್ನದೇ, ಅದಕ್ಕೂ ಸ್ಟೂಲಿನ ಅಭ್ಯಾಸವೇ.

"ಬರಿ. ಶುಚಿ ಮಾಡುವಾಗ ಒಳಗಾಜಿನ ಲೇಪ ಹಾಳಾಗಿದೆ. ಕೆಳಗೆ ಅಮ್ಮನ ಸಹಿ."

ಬರೆದೆ: "ಶುಚಿ ಮಾಡುವಾಗ". ಅಲ್ಲಿಗೆ ಪೆನ್ನು ನಿಂತಿತು.

"ಏನಾಯ್ತು? ಇಂಕು ಮುಗೀತಾ?"

ತಲೆ ಅಲ್ಲಾಡಿಸಿದೆ. ಚೂಪಣ್ಣ ವಾಚು ನೋಡಿಕೊಂಡ. ಪುರಾತನ ಕೌಂಟರಿನ ಮೇಲಿದ್ದ ನನ್ನ ದೊಡ್ಡ ಚಿತ್ರದ ಮೇಲೆ ಬೆರಳಿಟ್ಟು, ಅದೂ ಸರಿಯಾಗಿ ಕಣ್ಣಿನ ಮೇಲೆ, ತಟ್ಟಿದರು. "ಇಂಥ ಗಾಜು ಕಣಯ್ಯ. ಇಂಥದ್ದು! ಕುಣಿಯೋಕೆ ಬಾರದೋಳ ಕೈಗೆ ಕೊಟ್ಟು ಕೂತಿದ್ದೀವಿ. ಈಗ ನೆಲ ಡೊಂಕು ಅಂತಾಳೆ."

"ಸಾರ್, ಹಾಗನ್ಬೇಡಿ" ಎಂದ ಚೂಪಣ್ಣ, ಮೆತ್ತಗೆ.

ಅಮ್ಮ ಬೆಂಚಿನ ಹತ್ತಿರ ನಿಂತಿದ್ದಳು. ಅವಳು ಜಗಳವಾಡಲಿ ಎಂದು ನಾನು ಕಾದೆ. ಮಗುವಿನ ಮುಖ, ಪಾತ್ರೆಯ ತಳ, ಏನಾದರೂ ಹೇಳಲಿ. ಅವಳು ಅಪ್ಪನ ಸ್ಪ್ಯಾನರುಗಳನ್ನು ಒಂದೊಂದಾಗಿ ಚರ್ಮದ ಸುರುಳಿಯಲ್ಲಿ ಇಡುತ್ತಿದ್ದಳು, ಸಣ್ಣದರಿಂದ ದೊಡ್ಡದಕ್ಕೆ. ಇಡುತ್ತಲೇ ಹೇಳಿದಳು:

"ಬರಿ ಮಗಳೇ. ನನ್ನ ಕೈಯೇ ತಪ್ಪಿರ್ಬೇಕು. ಸಹಿ ಹಾಕ್ತೀನಿ."

ಅವಳ ಬೆನ್ನು ಮನೆಯಲ್ಲಿ ಇರುವ ಹಾಗೆ ಬಗ್ಗಿತ್ತು.

 ಈ ಕೋಣೆಯಲ್ಲಿ ನಾಲ್ಕು ಜನ ಅವರವರಿಗೆ ಗೊತ್ತಿದ್ದನ್ನು ಹೇಳಿ ಮುಗಿಸಿದ್ದರು. ನಿಜ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಪೆನ್ನು ಹಿಡಿದು, ಕಣ್ಣು ಬಿಟ್ಟುಕೊಂಡು, ಸುಳ್ಳನ್ನು ಅಂದವಾದ ಅಕ್ಷರದಲ್ಲಿ ಬರೆಯಲು ಕೂತಿದ್ದಳು. ಇದುವರೆಗೆ ನಾನು ಬರೆದ ಸಾವಿರ ಚೀಟಿಗಳಲ್ಲಿ ಒಂದು ಗೀರನ್ನೂ ಮುಚ್ಚಿಟ್ಟಿರಲಿಲ್ಲ.

ಚೀಟಿಯನ್ನು ಎರಡಾಗಿ ಹರಿದೆ. ರಟ್ಟು ದಪ್ಪ, ಸುಲಭಕ್ಕೆ ಹರಿಯಲಿಲ್ಲ, ಎರಡು ಸಲ ಎಳೆಯಬೇಕಾಯಿತು.

"ಏಯ್! ಏನ್ ಮಾಡ್ತಿದೀಯ?" ಎಂದರು ಚಿಕ್ಕಪ್ಪ.

"ಬರಿಯಲ್ಲ."

ಎಷ್ಟು ಸಣ್ಣಗೆ ಬಂತೆಂದರೆ ಅದು ಮಾತೋ ಉಸಿರೋ ಅವರಿಗೆ ತಿಳಿಯಲಿಲ್ಲ. ಚಿಕ್ಕಪ್ಪ ಪುರಾತನರ ಕಡೆ ತಿರುಗಿ ನಕ್ಕರು. "ಗಾಬರಿ ಆಗಿದೆ ಅವಳಿಗೆ. ಅಮ್ಮನ ವಿಷಯ ಅಲ್ವಾ. ಏನಿಲ್ಲ, ಅವಳ ಪರವಾಗಿ ನಾನೇ ಬರೆದುಕೊಡ್ತೀನಿ" ಎಂದು ನನ್ನ ಕೈಯಿಂದ ಪೆನ್ನು ತೆಗೆದುಕೊಳ್ಳಲು ಬಂದರು.

ಅವಳ ಪರವಾಗಿ.

ನಾನು ಪೆನ್ನನ್ನು ಬಿಡಲಿಲ್ಲ. ಅವರು ಎಳೆದರು. ನಾನೂ ಎಳೆದೆ. ಅವರ ಕಣ್ಣಲ್ಲಿ ಮೊದಲ ಸಲ ಕಣ್ಣಿಟ್ಟು ನೋಡಿದೆ. ಅವರು ನನ್ನನ್ನು ನೋಡಿದರು, ತೆರೆಯ ಮೇಲೆ ಅಲ್ಲ, ನನ್ನನ್ನು.   ಕೆಳಗೆ ಸೈಕಲ್ಲಿನವನು ಚಕ್ರ ತಿರುಗಿಸುವ ಕರಕರ ಸದ್ದು, ಅದಕ್ಕಿಂತ ಜೋರಾಗಿ ಹೇಳಬೇಕಿತ್ತು.

ಹೇಳಿದೆ.

"ಗಾಜಿಗೆ ಏನೂ ಆಗಿಲ್ಲ. ಅವತ್ತು ನೀವು ಫೋನಿಟ್ಟ ಮೇಲೆ ನಾನು ಅಳ್ತಾ ಇದ್ದೆ, ಚಿಕ್ಕಪ್ಪ."